ಹಿಂಡಿ ಹಾಕದ ಎಮ್ಮಿ

ಸಂತಪುರ ಹತ್ರದ ನಮ್ಮೂರು
18 ಜೂನ್ 2024

ವಿಶಾಖಾ ಅಕ್ಕ,

ಜೈಭೀಮ. ಕ್ಷೇಮ ಕೇಳಂಗಿಲ್ಲ. ನೀ ಬೀದರದಾಗ ಫ್ಯಾನಿನ ಕೆಳಗ ಕುಂತಿ, ಕ್ಷೇಮನೇ ಇರ್ತಿ.

ನಿನ್ನೆ ಆಬೇದಾ ಅಂತ ಸರ್ವೇ ಮಾಡೋ ಬಾಯಿ ಮತ್ತ ಬಂದಿದ್ಳು. ಕೈಯಾಗ ಟ್ಯಾಬು. ಮನ್ಯಾಗ ಎಷ್ಟು ಮಂದಿ, ಸಂಡಾಸ ಅದಾ ಇಲ್ಲಾ, ಹೆಣ್ಣುಮಕ್ಕಳು ಸಾಲಿಗಿ ಹೋಗ್ತಾರಾ ಇಲ್ಲಾ. ಹೋದ ವರ್ಷಾನೂ ಇದೇ ಕೇಳಿದ್ಳು. "ಬಾಯಿ, ಹೋದ ಸಲ ಬರಕೊಂಡು ಹೋದ್ರಲ್ಲ, ಅದು ಕಳದು ಹೋತೇನ್ರಿ?" ಅಂದೆ. "ಅರೇ ಬಾಬಾ, ನಂದೇನದ? ಬೀದರ ಆಫೀಸಿನ ವಿಶಾಖಾ ಮೇಡಂ ಕಳಸ್ತಾರ, ನಾ ಬರ್ತೇನಿ" ಅಂದಳು. ಯಾವ ವಿಶಾಖಾ ಅಂತ ಕೇಳಿದೆ. ಅಡ್ಡಹೆಸರು ಹೇಳಿದಳು. ನಮ್ಮದೇ ಅಡ್ಡಹೆಸರು.

ಹಂಗಾದ್ರ ಕೇಳು. ಹಳ್ಳದ ಆಚಿ ಊರಿಗಿ ನಿಮ್ಮ ಸಂಸ್ಥಾದವ್ರು ಪೋರಿಗೋಳ ಸಲುವಾಗಿ ಬಿಳಿ ವ್ಯಾನ್ ಬಿಟ್ಟಾರ. ಅದು ದಿನಾ ನಮ್ಮೂರಿಗಿ ಹೊಳ್ಳೋ ಫಾಟಾದ ಮ್ಯಾಲಿಂದೇ ಸಂತಪುರ ಹೈಸ್ಕೂಲಿಗಿ ಹೋಗ್ತದ. ಅರ್ಧಾ ಖಾಲಿ. ಕೈ ಮಾಡಿದ್ರ ನಿಲ್ಲಂಗಿಲ್ಲ. ಒಂದಿನ ನಡು ಹಾದ್ಯಾಗ ನಿಂತು ತಡದೆ. ಡ್ರೈವರ ಅಂತಾನ, "ನಿಮ್ಮೂರು ಲಿಸ್ಟಿನಾಗ ಇಲ್ಲೋ ಮಾರಾಯ. ನಿಮ್ಮ ಒಂದು ಪೋರಿ ಹತ್ತಿದ್ರ ನನ್ನ ನೌಕರಿ ಇಳೀತದ."

ನಮ್ಮ ತಂಗಿ ಆಮ್ರಪಾಲಿ ಏಳನೇದು ಪಾಸಾಗ್ಯಾಳ. ನಮ್ಮೂರ ಸಾಲಿ ಏಳಕ್ಕ ಮುಗೀತದ, ನಿನಗ ಗೊತ್ತದ. ಎಂಟನೇದಕ್ಕ ಸಂತಪುರಕ್ಕ ಹೋಗಬೇಕು. ಫಾಟಾದಾಗ ನಿಲ್ಲೋದು ಒಂದೇ ಬಸ್ಸು, ಅದು ಪ್ರೇಯರ್ ಮುಗದ ಮ್ಯಾಲ ಮುಟ್ಟಸ್ತದ. ಅದೇ ಬಸ್ಸು, ನನ್ನ ಒಂಬತ್ತನೇ ಕ್ಲಾಸು ತಿಂದದ್ದು. ದಿನಾ ತಡ, ದಿನಾ ಹೊರಗ ನಿಲ್ಲೋದು. ಒಂದಿನ ಹೊರಗ ನಿಂತವ ಹಂಗೇ ತಿರುಗಿ ಮನಿಗಿ ಬಂದೆ. ನೀ ಅವಾಗ ಬೀದರದಾಗ ಸೋದರಮಾವನ ಮನ್ಯಾಗ ಇದ್ದಿ.

ಅವ್ವ ಹೇಳ್ಯಾಳ, "ದೀಪಾವಳಿ ತನಕ ನೋಡ್ತೇನಿ. ನನ್ನ ಮಗಳು ದಿನಾ ಬಾಗಿಲ ಹೊರಗ ನಿಲ್ಲೋದಾದ್ರ ಬ್ಯಾಡ ಆ ಸಾಲಿ." ನನಗ ಹೈದರಾಬಾದದಾಗ ಗಾಡಿ ಓಡ್ಸೋ ಕೆಲಸ ಮಾತಾಗೇದ. ದಸರಾ ಆದ ಮ್ಯಾಲ ಹೋಗ್ತೇನಿ. ಅದರೊಳಗ ಆಮ್ರಾಂದು ಒಂದು ಹಾದಿ ಆಗಬೇಕು. ನಮ್ಮೂರ ಹೆಸರು ಯಾವನು ಬಿಟ್ಟ? ಅದೊಂದು ಹೇಳು.

ಫೋನ್ ಮಾಡಬ್ಯಾಡ. ಮನ್ಯಾಗ ಒಂದೇ ಫೋನು, ಅವ್ವ ಸ್ಪೀಕರ್ ಹಚ್ಚತಾಳ, ಓಣಿಗೆಲ್ಲಾ ಕೇಳಸ್ತದ. ನೀ ಎಲ್‌ಐಸಿ ಪಾಲಿಸಿ ಓದ್ಲತ್ತಿ ಅಂತ ಮೊದಲೇ ಡಂಗುರಾ ಹೊಡದಾಳ. ಉತ್ತರ ಬರದು ಔರಾದ ಬಸ್ಸಿನ ಕಂಡಕ್ಟರನ ಕೈಯಾಗ ಕೊಡು, ಸಂತಪುರ ಸ್ಟ್ಯಾಂಡಿನಾಗ ಖಾಸಿಂ ಅಲಿ ಚಾಚಾನ ಪಂಕ್ಚರ್ ದುಕಾನದಾಗ ಇಳಸ್ತಾನ.

ಸಂಘಪಾಲ


ಬೀದರ
29 ಜೂನ್ 2024

ತಮ್ಮಾ ಸಂಘಪಾಲ,

ಜೈಭೀಮ. ಇಷ್ಟು ವರ್ಷದಾಗ ನಿನ್ನ ಮೊದಲನೇ ಪತ್ರ. ಬೈದಿದ್ರೂ ಎರಡು ಸಲ ಓದಿದೆ.

ನಾ ಎಲ್‌ಐಸಿದಾಗ ಇಲ್ಲ ಅಂತ ಕಾಕುಗ ಹೇಳು. ಓದೋದು ಪಬ್ಲಿಕ್ ಪಾಲಿಸಿ, ಸಾರ್ವಜನಿಕ ನೀತಿ. ಸರಕಾರ ಒಂದು ಕೆಲಸ ಮಾಡ್ತದಲ್ಲ, ಅದು ಯಾವ ಸಮಸ್ಯಾಕ್ಕ ಮಾಡ್ತು, ಬ್ಯಾರೆ ಹಾದಿ ಇದ್ದವೋ ಇಲ್ಲೋ, ಯಾರಿಗಿ ಲಾಭ, ಯಾರಿಗಿ ಲುಕ್ಸಾನು, ಕಡೀಕ ಉಪಯೋಗ ಆತೋ ಇಲ್ಲೋ, ಇದನ್ನ ತೂಗಿ ನೋಡೋ ವಿದ್ಯಾ. ಓದಿನ ಕಡೀ ವರ್ಷ ನನ್ನ ಈ ವ್ಯಾನಿನ ಕೆಲಸಕ್ಕ ಹಾಕ್ಯಾರ.

ನಿಮ್ಮೂರ ಹೆಸರು ಯಾರೂ ಬಿಟ್ಟಿಲ್ಲ. ಚೀಟಿ ಎತ್ತಿದ್ರು. ವ್ಯಾನ್ ಬಿಟ್ರ ಪೋರಿಗೋಳು ಸಾಲಿ ಬಿಡೋದು ನಿಲ್ತದಾ ಅಂತ ಕೇಳಿದ್ರ ಎಲ್ಲಾರೂ ಹೌದಂತಾರ. ಆದ್ರ ವ್ಯಾನ್ ಬಂದ ವರ್ಷಾನೇ ಪೀಕು ಚೊಲೋ ಬಂದಿರಬಹುದು, ಹೊಸಾ ಮಾಸ್ತರ ಬಂದಿರಬಹುದು. ವ್ಯಾನಿನಿಂದೇ ಆತು ಅಂತ ಹ್ಯಾಂಗ ಹೇಳ್ತಿ? ವ್ಯಾನ್ ಬರದೇ ಇದ್ರ ಏನಾಗ್ತಿತ್ತು, ಅದು ಕಾಣಬೇಕು. ಒಂದೇ ಊರು ಎರಡೂ ಆಗಲಿಕ್ಕ ಬರಂಗಿಲ್ಲ. ವ್ಯಾನ್ ಬಂದ ಊರಿನಾಗ ನಿಂತು ವ್ಯಾನ್ ಬರದ ಅದೇ ಊರು ನೋಡಲಿಕ್ಕ ಯಾರಿಗೂ ಆಗಂಗಿಲ್ಲ. ಅದಕ್ಕ ಭಾಲ್ಕಿ, ಔರಾದ ಕಡೀದು ಒಂದೇ ತರದ ಊರು ಆರಿಸಿ, ಚೀಟಿ ಎತ್ತಿ, ಅರ್ಧಕ್ಕ ವ್ಯಾನ್ ಕೊಟ್ರು. ಉಳದದ್ದು ಹೋಲಿಕಿ ಊರು. ನಿಮ್ಮೂರು ಹೋಲಿಕಿ ಊರು.

ಎರಡು ವರ್ಷ ನೋಡ್ತಾರ. ಫರಕ್ ಕಂಡ್ರ ಎಲ್ಲಾ ಕಡಿ ವ್ಯಾನ್ ಬರ್ತದ, ಹೋಲಿಕಿ ಊರಿಗಿ ಎಲ್ಲಾರಕಿಂತ ಮೊದಲು. ಅಲ್ಲಿತನಕ ನಾ ಏನೂ ಮಾಡಲಿಕ್ಕ ಬರಂಗಿಲ್ಲ. ಖರೇ ಹೇಳ್ಬೇಕಂದ್ರ ನಿನಗ ಪತ್ರ ಬರಿಯೋದೇ ತಪ್ಪು. ನಾವು ಸಂಬಂಧಿಕರು ಅಂತ ಆಬೇದಾ ಬಾಯಿಗಿ ಹೇಳಬ್ಯಾಡ.

ಆಮ್ರಾಗ ನನ್ನ ಮುತ್ತು.

ನಿನ್ನ ಅಕ್ಕ
ವಿಶಾಖಾ


ನಮ್ಮೂರು
14 ಜುಲೈ 2024

ಅಕ್ಕ,

ನಿಮ್ಮೂರು ಅಂತ ಬರದಿ. ಎರಡು ಸಲ. ಯಾವಾಗಿಂದ ನನ್ನ ಒಬ್ಬಂದೇ ಆತು ಅದು?

ನೀ ಬರದದ್ದು ನನಗ ತಿಳದದ. ಒಂಬತ್ತನೇದು ಬಿಟ್ಟವ ಅಂತ ಬಿಡಸಿ ಬಿಡಸಿ ಹೇಳೋದು ಬ್ಯಾಡ. ದಾವಣ್ಯಾಗ ಎರಡು ಎಮ್ಮಿ ಕಟ್ಟಿ, ಒಂದಕ ಹಿಂಡಿ ಹಾಕಿ, ಇನ್ನೊಂದಕ ಬರೇ ಕಣಕಿ ಹಾಕಿ, ಮುಂಜಾನಿ ಸಂಜಿಕ ಹಾಲು ಅಳೆಯೋದು. ಹಿಂಡಿ ತಿಂದದ್ದು ಜಾಸ್ತಿ ಕೊಡ್ತು, ಅಂದ್ರ ಹಿಂಡಿ ಚೊಲೋ. ಬರೋಬರ್ ಅದ. ಆದ್ರ ಹಿಂಡಿ ಹಾಕದ ಎಮ್ಮಿನೂ ಬಾಜೂಕ ನಿಂತಿರ್ತದವಾ. ಅದಕ್ಕೂ ವಾಸನಿ ಬರ್ತದ.

ಮತ್ತ ಚೀಟಿ ಅಂತಿ. ನೀ ನಾನು ಒಂದೇ ಪಾಟಿ ಮ್ಯಾಲ ಬರದವ್ರು. ನೀ ನನಗಿಂತ ಆರು ತಿಂಗಳ ದೊಡ್ಡಾಕಿ, ಅಷ್ಟಕ್ಕ ಅಕ್ಕ. ಏಳನೇದರ ತನಕ ಲೆಕ್ಕದಾಗ ನಾನೇ ಮುಂದಿದ್ದೆ, ಪಂಢರಿ ಮಾಸ್ತರನ ಕೇಳು. ನಿನಗ ಬೀದರದಾಗ ಮಾವ ಇದ್ದ, ನನಗ ಇದ್ದಿಲ್ಲ. ಅಷ್ಟೇ ಫರಕು. ನೀ ವ್ಯಾನ್ ಸಿಕ್ಕ ಊರು, ನಾ ಹೋಲಿಕಿ ಊರು. ಇಬ್ಬರನ್ನೂ ಬಾಜೂಕ ನಿಂದ್ರಿಸಿ ನೋಡು, ನಿಮ್ಮ ಪರೀಕ್ಷಾ ಅಲ್ಲೇ ಮುಗೀತು. ಮತ್ತ ಆಮ್ರಾಂದು ಎರಡು ವರ್ಷ ಯಾಕ ಬೇಕು?

ನಾ ಹಾದಿ ಹುಡುಕೇನಿ. ಖಾಸಿಂ ಚಾಚಾನದು ಹಳೇ ಟಂಟಂ ಆಟೋ ನಿಂತಿತ್ತು. ಅವನ ಮೊಣಕಾಲು ಹೋಗ್ಯಾವ, ಓಡಸಂಗಿಲ್ಲ. "ದಿನಾ ನಿನ್ನ ಗಾಡಿ ಔರಾದ ಲೈನಿಗಿ ಹೊಡದು ಗಳಿಕಿ ನಿನಗ ಕೊಡ್ತೇನಿ, ಮುಂಜಾನಿ ಸಂಜಿಕ ಒಂದೊಂದು ಸುತ್ತು ನನ್ನ ಪೋರಿಗೋಳಿಗಿ ಬಿಡು" ಅಂದೆ. "ಕೈಕು ರೇ, ಯಾಕ? ಲೀಡರ್ ಆಗಂವ ಏನು?" ಅಂದ. ಕೀಲಿ ಎಸದ.

ಈಗ ಆಮ್ರಾ, ಮರಿಯಮಬೀನ ಮೊಮ್ಮಗಳು ಜಾಹೇದಾ, ಮತ್ತ ಓಣಿ ಪೋರಿಗೋಳು, ಎಲ್ಲಾರೂ ಪ್ರೇಯರಿಗಿ ಮೊದಲು ಸಾಲ್ಯಾಗ ಇರ್ತಾರ. ದಸರಾ ತನಕ ನಾ ಓಡಸ್ತೇನಿ. ಆಮ್ಯಾಲ ಯಾವನರ ಸಿಗ್ತಾನ.

ನಿಮ್ಮ ವ್ಯಾನು ನೀವೇ ಇಟಗೋರಿ.

ಸಂಘಪಾಲ


ಬೀದರ
2 ಆಗಸ್ಟ್ 2024

ಸಂಘಪಾಲ,

ನಮ್ಮೂರು. ತಪ್ಪಾತು.

ನಿನ್ನ ಪತ್ರ ಓದಿ ಮೊದಲು ನಕ್ಕೆ, ಆಮ್ಯಾಲ ನಮ್ಮ ಪ್ರಶ್ನಾಪಟ್ಟಿ ತಗದು ಮತ್ತ ನೋಡಿದೆ. ಇದನ್ನ ಬರೀಬೇಕೋ ಬ್ಯಾಡೋ ಅಂತ ಬಾಳ ವಿಚಾರ ಮಾಡಿದೆ.

ಆಬೇದಾ ಬಾಯಿ ಟ್ಯಾಬಿನಾಗ ಒಂದೇ ಪ್ರಶ್ನಾ ಅದ: ಪೋರಿ ಸಾಲಿಗಿ ಹೋಗ್ತಾಳಾ ಇಲ್ಲಾ. ಹ್ಯಾಂಗ ಹೋಗ್ತಾಳ ಅಂತ ಇಲ್ಲ. ಹೋಲಿಕಿ ಊರಿಗಿ ಗಾಡಿ ಇರಂಗಿಲ್ಲ ಅಂತ ತಿಳಕೊಂಡೇ ಆ ಪ್ರಶ್ನಾ ಬರದಾರ. ಈಗ ವ್ಯಾನ್ ಇದ್ದ ಊರಿನ ಪೋರಿಗೋಳೂ ಸಾಲಿಗಿ ಹೋದ್ರು, ವ್ಯಾನ್ ಇಲ್ಲದ ನಮ್ಮೂರಿನವ್ರೂ ಹೋದ್ರು ಅಂತ ಬಿದ್ರ, ಲೆಕ್ಕ ಏನಂತದ? ವ್ಯಾನಿನಿಂದ ಫರಕ್ ಇಲ್ಲ ಅಂತದ. ಬ್ಯಾರೆ ಹೋಲಿಕಿ ಊರಿನಾಗೂ ನಿನ್ನಂಥವ್ರು ಒಬ್ಬಿಬ್ಬರು ಇದ್ರ ಮುಗೀತು. ಫರಕ್ ಇಲ್ಲ ಅಂದ ಮ್ಯಾಲ ಸರಕಾರ ಯಾಕ ಕೊಡ್ತದ? ಇದ್ದ ವ್ಯಾನೂ ಬಂದ್ ಮಾಡ್ತದ. ಹಳ್ಳದ ಆಚಿದು, ಭಾಲ್ಕಿ ಹತ್ರದ ಭಾತಂಬ್ರಾ ಕಡೀದು, ಎಲ್ಲಾ.

ನಿನ್ನ ಟಂಟಂ ಬಂದ್ ಮಾಡು ಅಂತ ನಾ ಹೇಳಂಗಿಲ್ಲ. ಓಡಸು ಅಂತಾನೂ ಹೇಳಲಿಕ್ಕ ಬರಂಗಿಲ್ಲ. ನಮಗ ಒಂದು ಪಾಠ ಇತ್ತು: ಏನೂ ಮಾಡದೇ ಸುಮ್ಮನ ಇರೋದೂ ಒಂದು ನೀತಿ, ಅದಕ್ಕೂ ಯಾರೋ ಬೆಲೆ ಕೊಡ್ತಾರ. ಪರೀಕ್ಷಾದಾಗ ಚೊಲೋ ಬರದಿದ್ದೆ ಅದನ್ನ.

ವಿಶಾಖಾ


ನಮ್ಮೂರು
21 ಆಗಸ್ಟ್ 2024

ಅಕ್ಕ,

ನಿನ್ನ ಪತ್ರ ಹರದು ಹಾಕಿದೆ. ಆಮ್ಯಾಲ ಕೂಡಿಸಿ ಮತ್ತ ಓದಿದೆ. ಎಂಥಾ ಹಗ್ಗ ಹಾಕಿದಿಯವ್ವ ಕೊಳ್ಳಿಗಿ. ಈ ಕಡಿ ಜಗ್ಗಿದ್ರ ಆಮ್ರಾ ಹೊರಗ ನಿಲ್ತಾಳ, ಆ ಕಡಿ ಜಗ್ಗಿದ್ರ ಹಳ್ಳದಾಚಿ ಪೋರಿಗೋಳು ಹೊರಗ ನಿಲ್ತಾರ. ನಡಬರಕ ನನ್ನ ಕೊಳ್ಳು.

ಒಂದಿನ ಗಾಡಿ ಕೆಟ್ಟದಂತ ಸುಳ್ಳು ಹೇಳಿ ಬಂದ್ ಮಾಡಿದೆ. ದೂರ ಹಳ್ಳದ ಪುಲಿನ ಮ್ಯಾಲ ಕುಂತು ನೋಡಿದೆ. ಪೋರಿಗೋಳು ಫಾಟಾದಾಗ ಕುಂತಿದ್ರು. ಬಿಳಿ ವ್ಯಾನ್ ಬಂತು, ಹ್ವಾತು. ಒಬ್ಬಾಕಿನೂ ತಲಿ ಎತ್ತಲಿಲ್ಲ. ಕೈ ಮಾಡೋದೂ ಬಿಟ್ಟಾರ. ಕೈ ಮಾಡಿ ಬೈಸ್ಕೊಂಡ್ರ ಸುಮ್ಮನ ಇರ್ತಿದ್ದೆ.

ಮರುದಿನ ಗಾಡಿ ತಗದೆ. ಸಿಟ್ಟಿನಾಗ ಹಾದಿ ತುಂಬಾ ಒದರಿದೆ. ನೀವು ಸಾಲಿಗಿ ಹೋದ್ರ ಅವ್ರ ವ್ಯಾನ್ ಬಂದ್ ಆಗ್ತದಂತ, ಕೇಳ್ರಿ ಪಾಲಿಸಿ, ನಮ್ಮ ಅಕ್ಕ ಇದನ್ನ ಓದ್ಲಿಕ್ಕ ಊರು ಬಿಟ್ಟು ಹೋದ್ಳು ಅಂತ.

ಜಾಹೇದಾ ಕೇಳಿದ್ಳು, "ಅಣ್ಣಾ, ಹಳ್ಳದಾಚಿ ವ್ಯಾನಿನಾಗ ನಮ್ಮ ಖಾಲಾನ ಮಗಳು ಹೋಗ್ತಾಳ. ಆಕಿದೂ ಬಂದ್ ಆಗ್ತದೇನು?"

"ಎಲ್ಲಾರದೂ."

"ಮತ್ತ ನಾವು ಏನ್ ಮಾಡಬೇಕು?"

"ಸುಮ್ಮನ ಕುಂದ್ರು. ಜಾಡ್ಸಿ ಹಿಡ್ಕೋ, ಮುಂದ ಖಡ್ಡಾ ಅದ."

ಆಮ್ರಾ ಜಡಿ ತುದಿ ಕಡಕೋತ ವಿಚಾರ ಮಾಡ್ಲತ್ತಿದ್ಳು. ಆಕಿ ವಿಚಾರಕ್ಕ ಬಿದ್ರ ನನಗ ಅಂಜಿಕಿ ಬರ್ತದ, ನಿನ್ನಂಗೇ.

ನಾ ಬಂದ್ ಮಾಡಂಗಿಲ್ಲ. ನಿನ್ನ ಲೆಕ್ಕ ಕೆಡಲಿ. ಹ್ಯಾಂಗ ಹೋಗ್ತಾಳ ಅಂತ ಕೇಳಲಾರದ ಪ್ರಶ್ನಾ ಬರದವ ಯಾವನು? ಅವನ ಮನಿ ಮುಂದ ಬಸ್ ಸ್ಟಾಪ್ ಇರಬೇಕು.

ಸಂಘಪಾಲ


ನಮ್ಮೂರು
10 ನವೆಂಬರ್ 2024

ಅಕ್ಕ,

ನೀ ಉತ್ತರ ಬರೀಲಿಲ್ಲ. ಬರೀಬ್ಯಾಡ. ನಡದದ್ದು ಕೇಳು.

ದೀಪಾವಳಿ ಆತು. ಆಮ್ರಾ ದಿನಾ ಹೊತ್ತಿಗಿ ಸಾಲ್ಯಾಗ ಇದ್ಳು, ಅವ್ವ ಬಿಡಸಲಿಲ್ಲ. ಗೆದ್ದೆ ಅಂತ ಇದ್ದೆ ನಾ. ಗಾಡಿಗಿ ಬ್ಯಾರೆ ಯಾವನೂ ಸಿಗಲಿಲ್ಲಂತ ಹೈದರಾಬಾದಿಗಿ ಇನ್ನಷ್ಟು ದಿನ ಬಿಡ್ರಿ ಅಂದಿದ್ದೆ.

ದೀಪಾವಳಿಗಿ ಮೊದಲಿನ ಶನಿವಾರ, ಅರ್ಧಾ ದಿನದ ಸಾಲಿ, ಪೋರಿಗೋಳನ್ನ ಊರ ಮುಂದಿನ ಬೇವಿನ ಗಿಡದ ಕೆಳಗ ಇಳಿಸಿ ನಾ ಔರಾದ ಲೈನಿಗಿ ಹೋದೆ. ಅಷ್ಟೊತ್ತಿಗಿ ಆಬೇದಾ ಬಾಯಿ ಬಂದಾಳ. ಗಿಡದ ಕೆಳಗೇ ಹಿಡದು ಕೇಳ್ಯಾಳ. ಇದು ಆಕಿನೇ ಆಮ್ಯಾಲ ನನಗ ಹೇಳಿದ್ದು.

"ಸಾಲಿಗಿ ಹೋಗ್ತೀಯೇನವಾ?"

"ಇಲ್ಲ್ರಿ." ಇದು ನಮ್ಮ ಆಮ್ರಾ.

"ಮತ್ತ ಈ ಯೂನಿಫಾರ್ಮು?"

"ಮನ್ಯಾಗ ಬ್ಯಾರೆ ಅಂಗಿ ಇಲ್ಲ್ರಿ."

"ಜಡಿಗಿ ರಿಬ್ಬನ್ನು?"

"ಶೋಕಿಗಿ ರಿ."

ಬೆನ್ನ ಮ್ಯಾಲಿನ ಚೀಲ ತೋರಿಸಿ ಜಾಹೇದಾನ ಕೇಳಿದ್ರ, "ಅಜ್ಜಿ ಜ್ವಾಳಾ ತರಲಿಕ್ಕ ಕೊಟ್ಟಾಳ್ರಿ" ಅಂದಾಳ. ಒಬ್ಬಾಕಿನೂ ಖರೇ ಬಾಯಿಬಿಡಲಿಲ್ಲ. ಎಲ್ಲಾರೂ ಇಲ್ಲ, ಇಲ್ಲ, ಇಲ್ಲ. ಹಳ್ಳದಾಚಿ ವ್ಯಾನ್ ಉಳೀಲಿ ಅಂತ. ನಾ ಒದರಿದ್ದನ್ನ ಪೋರಿಗೋಳು ಪಾಠ ಮಾಡ್ಕೊಂಡಾರ. ಪೋರಿಗೋಳು ಕೊಟ್ಟ ಉತ್ತರಾನೇ ಆಬೇದಾ ಬಾಯಿ ಟ್ಯಾಬಿನಾಗ ಒತ್ತಬೇಕಂತ. ಒತ್ತಿ ಹೋಗ್ಯಾಳ.

ಹಬ್ಬದ ಸೂಟಿ ಮುಗದ ಮ್ಯಾಲ ಜೀಪು ಬಂತು. ನಿಮ್ಮ ಸಂಸ್ಥಾದವ್ರು ಸಾಲಿ ಬಿಟ್ಟ ಪೋರಿಗೋಳ ಹೆಸರು ಶಿಕ್ಷಣ ಇಲಾಖಾಕ್ಕ ಕೊಡ್ತಾರಂತಲ್ಲ. ಸಾಹೇಬ ಅವ್ವನ ಮುಂದ ನಿಂತು, "ಸುಭದ್ರಾಬಾಯಿ ನೀವೇನ್ರಿ? ಮಗಳ ಸಾಲಿ ಯಾಕ ಬಿಡಸೀರಿ? ಲಗ್ನ ಗಿಗ್ನ ಮಾಡ್ಲತ್ತೀರೇನು?" ಅಂದ.

ಅವ್ವ ಸೆರಗ ಕಟ್ಟಿದ್ಳು. "ಯಾರ ಲಗ್ನಾನೋ? ನನ್ನ ಮಗಳು ಈಗ ಸಾಲ್ಯಾಗ ಅದಾಳ! ನಡಿ ತೋರಸ್ತೇನಿ!" ಜೀಪಿನಾಗ ಅವ್ವನೂ ಹತ್ತಿದ್ಳು, ಮರಿಯಮಬೀನೂ ಹತ್ತಿದ್ಳು. ನಾ ಟಂಟಂ ಹಿಂದ ಹಚ್ಚಿದೆ.

ಹೈಸ್ಕೂಲಿನಾಗ ಪೋರಿಗೋಳನ್ನ ಎಬ್ಬಿಸಿ ನಿಲ್ಲಿಸಿದ್ರು. ಸಾಲಿಗಿ ಬಂದು ಸಾಲಿಗಿ ಬರಂಗಿಲ್ಲ ಅಂದವ್ರು ಯಾರೂ ಇರಂಗಿಲ್ಲ ಜಗತ್ತಿನಾಗ. ಸಾಹೇಬ ಬೈಲತ್ತಿದ್ದ. ಆಮ್ರಾ ನೆಲಾ ನೋಡ್ಲತ್ತಿದ್ಳು. ನಾ ಬಾಗಿಲದಾಗ ನಿಂತಿದ್ದೆ. ಅದೇ ಬಾಗಿಲು. ಹೆಡ್‌ಮಾಸ್ತರ ಹೊಸಬ, "ನೀ ಯಾರಪ್ಪ?" ಅಂದ.

"ನಾ ಇದೇ ಸಾಲಿ ಹುಡುಗ ರಿ. ಹೊರಗ ನಿಂತಿದ್ದೆ."

"ಎಷ್ಟೊತ್ತಿಂದ?"

"ಬಾಳ ವರ್ಷ ಆತ್ರಿ."

ಅವನಿಗಿ ಏನು ತಿಳೀತೋ, ಒಳಗ ಬಾ ಅಂದ. ಹೋಗಿ ಎಲ್ಲಾ ಹೇಳಿದೆ. ವ್ಯಾನು, ಚೀಟಿ, ಹೋಲಿಕಿ ಊರು, ಟಂಟಂ. ನಿನ್ನ ಹೆಸರು ಹೇಳಲಿಲ್ಲ. ಸಾಹೇಬ ಪೆನ್ನು ಮುಚ್ಚಿ, "ಇದನ್ನ ಮ್ಯಾಲ ತಿಳಸಬೇಕಾಗ್ತದ" ಅಂದ. ಮ್ಯಾಲ ಅಂದ್ರ ನೀನೇ ಇರಬೇಕು.

ಹೊರಗ ಬಂದ ಮ್ಯಾಲ ಅವ್ವ ಆಮ್ರಾನ ಬೆನ್ನಿಗಿ ಒಂದು ಬಿಟ್ಳು. ಆಮ್ಯಾಲ ಅದೇ ಬೆನ್ನು ಸವರಿದ್ಳು.

ಸಂಘಪಾಲ


ಭಾಲ್ಕಿ
8 ಡಿಸೆಂಬರ್ 2024

ತಮ್ಮಾ,

ನೀ ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳಿದೆ. ಆ ಊರು ನಂದು, ಆ ಹುಡುಗ ನನ್ನ ಕಾಕಾನ ಮಗ, ಅವಗ ಇದನ್ನೆಲ್ಲಾ ಕಲಿಸಿದಾಕಿ ನಾನು ಅಂತ. ಔರಾದ ತಾಲೂಕಿನ ಕಾಗದ ಮುಟ್ಟಬಾರದು ಅಂದಾರ, ಈ ಕಡಿ ಹಾಕ್ಯಾರ. ಭಾತಂಬ್ರಾದಾಗ ವ್ಯಾನ್ ಇದ್ದ ಪೋರಿಗೋಳನ್ನ ದಿನಾ ನೋಡ್ತೇನಿ. ಕಿಡಕಿ ಸೀಟಿಗಿ ಜಗಳಾಡ್ಕೋತ ಹೋಗ್ತಾರ.

ನಮ್ಮೂರನ್ನ ಲೆಕ್ಕದಿಂದ ತಗದ್ರು. ಉತ್ತರ ಒಂದು, ಖರೇ ಒಂದು, ಅದಕ್ಕ ನಂಬಲಿಕ್ಕ ಬರಂಗಿಲ್ಲಂತ. ಇದರಿಂದ ಎರಡು ಆತು. ಆಚಿ ಊರಿನ ವ್ಯಾನಿಗಿ ನಿನ್ನ ಟಂಟಂನಿಂದ ಇನ್ನ ಧಕ್ಕಿ ಇಲ್ಲ. ಮತ್ತ, ಎರಡು ವರ್ಷದ ಮ್ಯಾಲ ಹೋಲಿಕಿ ಊರಿಗಿ ವ್ಯಾನ್ ಬರೋದಲ್ಲ, ಅದರಾಗ ನಮ್ಮೂರು ಇರಂಗಿಲ್ಲ. ನಾವು ಈಗ ಅದೂ ಅಲ್ಲ, ಇದೂ ಅಲ್ಲ.

ಹ್ಯಾಂಗ ಹೋಗ್ತಾಳ ಅಂತ ಒಂದು ಪ್ರಶ್ನಾ ಸೇರಸ್ಯಾರ. ನಿನ್ನ ಬೈಗುಳಾನೇ ಸಭಾದಾಗ ಓದಿದೆ, ಬಸ್ ಸ್ಟಾಪಿಂದು. ಆ ಪ್ರಶ್ನಾ ಬರದವ್ರು ಅಲ್ಲೇ ಕುಂತಿದ್ರು.

ನೀ ಹೈದರಾಬಾದಿಗಿ ಹೋಗು. ಖರೇ ಹೇಳ್ತೇನಿ. ಹೋಗಬ್ಯಾಡ ಅನ್ನೋ ಹಕ್ಕು ನನಗ ಇಲ್ಲ.

ವಿಶಾಖಾ


ನಮ್ಮೂರು
2 ಫೆಬ್ರವರಿ 2025

ಅಕ್ಕ,

ಹೋಗು ಅಂದಿ. ಹೋದೆ.

ಹೈದರಾಬಾದಿನವ್ರು ಈ ಸೋಮವಾರ ಬರಲಿಲ್ಲಂದ್ರ ಬ್ಯಾರೆಯವನ್ನ ಹಚ್ಚತೇವಿ ಅಂದ್ರು. ಖಾಸಿಂ ಚಾಚಾಗ ಕೀಲಿ ಕೊಟ್ಟೆ. ಅವ ಮೊಣಕಾಲು ತಿಕ್ಕಿದ. ಅವ್ವಗ ಹೇಳಿದ್ದೆ. ಆಮ್ರಾಗ ಹೇಳಿದ್ದಿಲ್ಲ, ಮುಂಜಾನಿ ಚಾಚಾನ ಕಡಿಂದ ಗಾಡಿ ತಗೊಂಡು ಫಾಟಾಕ್ಕ ಬರ್ತೇನಿ ಅಂದಿದ್ದೆ. ಹಿಂದಿನ ದಿನಾನೇ ಔರಾದದಾಗ ದೋಸ್ತನ ಮನಿಗಿ ಹೋಗಿ, ಸೋಮವಾರ ಮುಂಜಾನಿ ಅಲ್ಲಿಂದ ಬಸ್ ಹತ್ತಿದೆ. ಕಿಡಕಿ ಬಾಜೂಕ ಸೀಟು ಸಿಕ್ತು. ಸಂತಪುರ ದಾಟಿದ್ರ ಹಿಂದ ತಿರುಗಿ ನೋಡಂಗಿಲ್ಲ ಅಂತ ಇದ್ದೆ.

ಅದಕ್ಕ ಮೊದಲು ನಮ್ಮ ಫಾಟಾ ಬರ್ತದ, ಮರತಿದ್ದೆ.

ಪೋರಿಗೋಳು ನಿಂತಿದ್ರು. ಆಮ್ರಾ ಸಂತಪುರ ಹಾದಿ ಕಡಿ ನೋಡ್ಲತ್ತಿದ್ಳು, ನಾ ಬರೋ ಹಾದಿ. ಜಾಹೇದಾ ಚೀಲ ನೆಲದ ಮ್ಯಾಲ ಇಟ್ಟು ಅದರ ಮ್ಯಾಲ ಕುಂತಿದ್ಳು. ಬಿಳಿ ವ್ಯಾನ್ ನಮ್ಮ ಬಸ್ಸಿನ ಮುಂದೇ ಹೊಂಟಿತ್ತು, ನಿಲ್ಲಲಿಲ್ಲ. ಯಾರೂ ಕೈ ಮಾಡಲಿಲ್ಲ. ಫಾಟಾದಾಗ ನಿಲ್ಲದ ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ಕಡಿಯಂತೂ ಯಾಕ ನೋಡ್ತಾರ? ನಾ ಒಳಗ ಇದ್ದೆ, ಗಾಜಿನ ಹಿಂದ. ಅವ್ರಿಗಿ ನಾ ಇಲ್ಲ.

ಒಂದೇ ಊರು ಎರಡೂ ಆಗಲಿಕ್ಕ ಬರಂಗಿಲ್ಲ, ಇನ್ನೊಂದು ಯಾರಿಗೂ ಕಾಣಂಗಿಲ್ಲ ಅಂತ ಬರದಿದ್ದಿ ನೀ. ಸುಳ್ಳು. ನನಗ ಕಂಡ್ತು. ನಾ ಇಲ್ಲದ ಊರು, ಪೂರಾ, ಒಂದು ಕಿಡಕ್ಯಾಗ.

"ನಿಲ್ಸ್ರಿ!" ಅಂತ ಒದರಿದೆ. ಕಂಡಕ್ಟರ "ಹೈದರಾಬಾದ ಇಷ್ಟು ಜಲ್ದಿ ಬಂತೇನೋ?" ಅಂದ. ಬಸ್ಸಿನಾಗ ಎಲ್ಲಾರೂ ನಕ್ರು. ಇಳದೆ. ಆಮ್ರಾ ನನ್ನ ಬ್ಯಾಗ್ ನೋಡಿದ್ಳು, ಬಸ್ಸು ನೋಡಿದ್ಳು. ಎಲ್ಲಾ ತಿಳೀತು ಆಕಿಗಿ. "ತಡ ಆತು ನೋಡಣ್ಣ. ಇವತ್ತ ಹೊರಗ ನಿಲ್ಲಸ್ತಾರ" ಅಂದಳು, ಅಷ್ಟೇ.

ನಿಲ್ಲಸಿದ್ರು. ಹಾದ್ಯಾಗಿನ ಒಬ್ಬನ ಬೈಕ್ ಹತ್ತಿ ಚಾಚಾನ ದುಕಾನಕ್ಕ ಹೋಗಿ ಗಾಡಿ ತಂದು ಮುಟ್ಟಸೋದ್ರಾಗ ಪ್ರೇಯರ್ ಮುಗದಿತ್ತು. ನಾನೂ ಅವ್ರ ಬಾಜೂಕ ಹೊರಗ ನಿಂತೆ, ಒಳಗ ಕರೆಯೋ ತನಕ.

ನನಗ ಖುಷಿ ಆಗಿಲ್ಲ. ಹಂಗ ತಿಳಕೋಬ್ಯಾಡ. ಮುಂಜಾನಿ ಕೀಲಿ ಹಚ್ಚುವಾಗ ದಿನಾ ಬೈತೇನಿ, ಚೀಟಿಗಿ, ವ್ಯಾನಿಗಿ, ನಿನಗ. ಆಮ್ರಾ ಹತ್ತನೇದು ಮುಗಿಸೋ ತನಕ ಓಡಸಬೇಕು, ಆಮ್ಯಾಲ ಆಕಿ ಹಿಂದಿನ ಪೋರಿಗೋಳು, ಅವ್ರ ಹಿಂದಿನವ್ರು. ನಾ ಹೋದ್ರ ಏನಾಗ್ತದ ಅನ್ನೋ ಪ್ರಶ್ನಾ ನೀ ಕಲಿಸಿದಿ. ಕಲೀದೇ ಇದ್ರ ಇಷ್ಟೊತ್ತಿಗಿ ಹೈದರಾಬಾದದಾಗ ಇರ್ತಿದ್ದೆ. ಆ ಪ್ರಶ್ನಾದಿಂದ ಹೊರಗ ಬರೋ ಹಾದಿ ನಿಮ್ಮ ಪುಸ್ತಕದಾಗ ಎಲ್ಲರ ಇದ್ರ ಹುಡುಕಿ ಬರಿ.

ಪತ್ರ ಚಾಚಾನ ದುಕಾನಕ್ಕೇ ಕಳಸು. ನಾ ಎಲ್ಲಿಗೂ ಹೋಗಿರಂಗಿಲ್ಲ.

ನಿನ್ನ ತಮ್ಮ
ಸಂಘಪಾಲ